ಕೂದಲೆಳೆಯ ಅಕ್ಷರ

ಅತ್ತಿಗೆಯ ಎಡಗಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಕಂಪನಿಯ ಪತ್ರ ಬಂತು. ಕೆನೆ ಬಣ್ಣದ ದಪ್ಪ ಕಾಗದ. ಲಕೋಟೆ ಹರಿದ ಕೂಡಲೇ ಘಮ್ಮೆಂದು ಹೂವಿನ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಸೆಂಟು ತಯಾರಿಸುವ ಕಂಪನಿ ಅದು. ಮನುಷ್ಯರನ್ನು ಬೀದಿಗೆ ತಳ್ಳುವ ಪತ್ರಕ್ಕೂ ಸೆಂಟು ಸವರಿಯೇ ಕಳಿಸುತ್ತದೆ.

ಅತ್ತಿಗೆ ಪತ್ರವನ್ನು ಉಳಿದ ಒಂದು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಕೊನೆಗೆ ಮೇಜಿನ ಮೇಲೆ ಎಸೆದಳು.

"ಏನೇ ಗೀಟಮ್ಮ ಇದು, ಇರುವೆ ಸಾಲು ಜಾರಿ ಬಿದ್ದ ಹಾಗಿದೆ. ನೀನೇ ಓದು."

ಗೀಟಮ್ಮ ಅಂದರೆ ನಾನು. ದಿನವಿಡೀ ಗೀಟು ಎಳೆಯುತ್ತ ಕೂರುತ್ತೇನೆಂದು ಅತ್ತಿಗೆ ಇಟ್ಟ ಹೆಸರು. ಡಬ್ಬಿಗಳ ಮೇಲೆ, ಫಲಕಗಳ ಮೇಲೆ, ಫೋನಿನೊಳಗೆ ನೀವು ನೋಡುವ ಅಕ್ಷರಗಳ ರೂಪವನ್ನು ಯಾರೋ ಒಬ್ಬರು ಕೂತು ಎಳೆದಿರುತ್ತಾರಲ್ಲ, ಅಂಥವರಲ್ಲಿ ನಾನೊಬ್ಬಳು. ಈ ಪತ್ರದ ಅಕ್ಷರವೂ ನನ್ನದೇ.

ಓದಿದೆ. ತೊಳೆಯುವ ಶೆಡ್ಡಿನ ಗೋಡೆಯ ಮೇಲೆ ಸೂಚನೆಯನ್ನು ಸ್ಪಷ್ಟವಾಗಿ ಪ್ರಕಟಿಸಿದ್ದರೂ ತಾವು ಅದನ್ನು ಕಡೆಗಣಿಸಿದ್ದೀರಿ. ಕಣ್ಣಿಗೆ ಆದ ಗಾಯಕ್ಕೆ ತಾವೇ ಹೊಣೆ. ಗುರುವಾರ ಕಾರ್ಮಿಕ ಇಲಾಖೆಯ ಅಧಿಕಾರಿಯ ಎದುರು ವಿಚಾರಣೆ. ತಪ್ಪು ತಮ್ಮದೆಂದು ತೀರ್ಮಾನವಾದರೆ ಅಂದಿನಿಂದಲೇ ಕೆಲಸವಿಲ್ಲ. ಕಂಪನಿ ಆಸ್ಪತ್ರೆಯಲ್ಲಿ ಕಣ್ಣಿಗೆ ಆಗಬೇಕಿರುವ ಎರಡನೆಯ ಆಪರೇಷನ್ನೂ ಇಲ್ಲ. ಕೊನೆಯ ಸಾಲು: ತಮ್ಮ ಶೀಘ್ರ ಚೇತರಿಕೆಯನ್ನು ಹಾರೈಸುತ್ತೇವೆ.

"ಹಾರೈಸ್ತಾರಂತಾ?" ಅತ್ತಿಗೆ ಕೇಳಿದಳು.

"ಹೂಂ."

"ಥೂ," ಎಂದು ಎದ್ದು ಒಲೆಯ ಕಡೆ ಹೋದಳು. ಪಾತ್ರೆಗೆಂದು ಚಾಚಿದ ಕೈ ಪಾತ್ರೆಗಿಂತ ನಾಲ್ಕು ಬೆರಳು ಈಚೆ ಗಾಳಿಯನ್ನು ಹಿಡಿಯಿತು. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ನಾನು ನೋಡದವಳ ಹಾಗೆ ಪತ್ರ ಮಡಿಸತೊಡಗಿದೆ.

ನನಗೆ ಎಂಟು ವರ್ಷವಿದ್ದಾಗ ಅಣ್ಣನ ಕೈಹಿಡಿದು ಈ ಮನೆಗೆ ಬಂದವಳು. ಆಗಲೇ ಅಮ್ಮ ಇರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಕೂದಲನ್ನು ಎಳೆಎಳೆಯಾಗಿ ಬಿಡಿಸಿ ಸೀರು ಹೆಕ್ಕುತ್ತಿದ್ದಳು. ಎಳೆಯ ಮೇಲೆ ಕೂತ ಬಿಳಿ ಚುಕ್ಕೆ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಅಂಥ ಕಣ್ಣಿದ್ದವಳಿಗೆ ಗೋಡೆಯ ಮೇಲಿನ ನಾಲ್ಕು ಸಾಲು ಕಾಣಲಿಲ್ಲವಂತೆ.

ಆ ಅಕ್ಷರ ಹುಟ್ಟಿದ ಕತೆ ಹೇಳಬೇಕು, ಹೇಸಿಗೆಯಾದರೂ.

ಕಂಪನಿಯಲ್ಲಿ ಅಂದಚಂದದ ವಿಭಾಗಕ್ಕೆ ಒಬ್ಬ ಮುಖ್ಯಸ್ಥರಿದ್ದಾರೆ. ಮಾತಿಗೊಮ್ಮೆ "ಸೊಬಗು" ಎನ್ನುವುದರಿಂದ ಬಾಗಿಲು ಕಾಯುವವನಿಂದ ಹಿಡಿದು ಎಲ್ಲರ ಬಾಯಲ್ಲೂ ಸೊಬಗು ಸಾಹೇಬರು. ಐದು ವರ್ಷದ ಹಿಂದೆ ನನ್ನನ್ನು ಕರೆಸಿ, ಕಂಪನಿಗೆಂದೇ ಒಂದು ಅಕ್ಷರ ಬೇಕು ಎಂದರು. ಬಲಕ್ಕೆ ವಾಲಿದ ಇಟಾಲಿಕ್. ದಪ್ಪ ಗೀಟು ತುಂಬ ದಪ್ಪ, ತೆಳು ಗೀಟು ತುಂಬ ತೆಳು. ತುದಿಗಳಲ್ಲಿ ಸೂಜಿಮೊನೆಯಂಥ ಪುಟ್ಟ ಚಾಚುಗೀಟುಗಳು, ನಮ್ಮ ಕಸುಬಿನವರು ಸೆರಿಫು ಅನ್ನುವಂಥವು.

ಎರಡು ವರ್ಷ ಎಳೆದೆ. ಸುಳ್ಳೇಕೆ, ಚೆಂದವೇ ಇತ್ತು. ದಪ್ಪ ಗೀಟು ಮೇಲಿನಿಂದ ಇಳಿದು, ಹೊಟ್ಟೆ ತುಂಬಿಕೊಂಡು, ಕೆಳಗೆ ತಿರುವಿನಲ್ಲಿ ಸಣ್ಣಗಾಗುತ್ತ ಸಣ್ಣಗಾಗುತ್ತ ಉಸಿರಿನ ಹಾಗೆ ಮೇಲೇರುತ್ತಿತ್ತು. ಪ್ರತಿ ಸಲ ತೋರಿಸಿದಾಗಲೂ ಸೊಬಗು ಸಾಹೇಬರು ಕೋಣೆ ಕತ್ತಲು ಮಾಡಿಸಿ, ಗೋಡೆಯಗಲದ ಪರದೆಯ ಮೇಲೆ ಒಂದೊಂದು ಅಕ್ಷರವನ್ನೂ ಆಳುದ್ದ ಬಿಡಿಸಿ ನೋಡುತ್ತಿದ್ದರು. ಆಳುದ್ದ ನಿಲ್ಲಿಸಿದರೆ ಯಾವ ಕೂದಲೆಳೆಯೂ ಹಗ್ಗವೇ.

"ಇನ್ನೂ ಸ್ವಲ್ಪ ಸಣ್ಣ ಮಾಡಿ ಮೇಡಂ. ಇದು ಇನ್ನೂ ಕೆಲಸ ಮಾಡೋ ಅಕ್ಷರದ ತರ ಕಾಣ್ತಿದೆ."

ಮೂರು ಸಲ ಸಣ್ಣ ಮಾಡಿದೆ. ಮೂರನೆಯ ಸಲ ಅವರು ಕೇಳುವ ಮೊದಲೇ ಮಾಡಿದೆ.

ಚಿಕ್ಕ ಗಾತ್ರಕ್ಕೆಂದು ಇನ್ನೊಂದು ರೂಪವನ್ನೂ ಎಳೆದಿದ್ದೆ. ಅದೇ ಮೈಕಟ್ಟು, ಆದರೆ ತೆಳು ಗೀಟುಗಳಿಗೆ ಮಾಂಸ ಇತ್ತು. ಔಷಧಿ ಚೀಟಿಗೂ ಆಗುತ್ತಿತ್ತು, ಬಸ್ಸಿನ ವೇಳಾಪಟ್ಟಿಗೂ ಆಗುತ್ತಿತ್ತು. ಸೊಬಗು ಸಾಹೇಬರು ಒಮ್ಮೆ ನೋಡಿ ಮೂಗು ಸಿಂಡರಿಸಿ, "ಇದ್ಯಾಕೆ ಮೇಡಂ, ಅಕ್ಕತಂಗೀರಲ್ಲಿ ದಪ್ಪಗಿರೋಳನ್ನ ಯಾರು ಮುಂದೆ ಕೂರಿಸ್ತಾರೆ?" ಎಂದು ನಕ್ಕರು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ಬಾಯಲ್ಲಿ ಸಿಕ್ಕಿಕೊಂಡ ಕೂದಲಿನ ಹಾಗೆ ಇದೆ, ಉಗುಳಿದರೂ ಹೋಗುವುದಿಲ್ಲ.

ಅಕ್ಷರದ ಜೊತೆ ಕೊಟ್ಟ ನಮೂನೆ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಮಾತು ಸೇರಿಸಿದ್ದೆ, ಈ ಅಕ್ಷರವನ್ನು ಚಿಕ್ಕ ಗಾತ್ರದಲ್ಲಿ, ಮಬ್ಬು ಬೆಳಕಿನಲ್ಲಿ ಬಳಸಬಾರದು ಎಂದು. ಅದನ್ನು ಅಚ್ಚು ಹಾಕಿಸಿದ್ದು ಅದೇ ಅಕ್ಷರದಲ್ಲಿ, ಪುಟದ ತಳದಲ್ಲಿ, ಎಳ್ಳುಕಾಳಿನ ಗಾತ್ರದಲ್ಲಿ. ಯಾಕೆಂದರೆ ಅಲ್ಲಿ ಅದು ಚೆಂದ ಕಾಣುತ್ತಿತ್ತು.

ಆಮೇಲೆ ಅಕ್ಷರ ಎಲ್ಲೆಡೆ ಹಬ್ಬಿತು. ಬಾಟಲಿಯ ಕೊರಳಿಗೆ, ರೇಷ್ಮೆ ರಿಬ್ಬನ್ನಿಗೆ, ಲಿಫ್ಟಿನ ಗುಂಡಿಗೆ, ಪಾಯಿಖಾನೆಯ ಬಾಗಿಲಿಗೆ. ಗೇಟಿನ ಬಳಿಯ ನಾಯಿಗೂಡಿಗೂ ಬಂಗಾರದ ಬಣ್ಣದಲ್ಲಿ ಒಂದು ಫಲಕ. ಸೊಬಗು ಸಾಹೇಬರ ಆಜ್ಞೆ: ಕಂಪನಿಯ ಕಾಂಪೌಂಡಿನೊಳಗೆ ಇನ್ನೊಂದು ಅಕ್ಷರ ಕಾಣಬಾರದು. ಅತ್ತಿಗೆ ಆಗ ಮೂತಿ ಒಡೆದ ಒಂದು ಬಾಟಲಿಯನ್ನು ಮನೆಗೆ ತಂದು ಕನ್ನಡಿಯ ಮುಂದಿಟ್ಟಳು. ಬಂದವರಿಗೆಲ್ಲ, "ನಮ್ಮ ಗೀಟಮ್ಮ ಬರೆದದ್ದು, ನೋಡಿ," ಎಂದು ತೋರಿಸುತ್ತಿದ್ದಳು.

ಅತ್ತಿಗೆಗೆ ಕೆಲಸ ಇದ್ದದ್ದು ಅಂಗಡಿಗಳಿಂದ ವಾಪಸು ಬಂದ ಖಾಲಿ ಬಾಟಲಿ ತೊಳೆಯುವ ಶೆಡ್ಡಿನಲ್ಲಿ. ಮೊದಲೆಲ್ಲ ಕಾಸ್ಟಿಕ್ ಸೋಡಾ ನೀರಾಗಿಯೇ ಕ್ಯಾನುಗಳಲ್ಲಿ ಬರುತ್ತಿತ್ತು. ತೊಟ್ಟಿಗೆ ಅದನ್ನು ಸುರಿದು ಮೇಲಿಂದ ಬಿಸಿನೀರು ಬಿಡುವುದು ಹನ್ನೊಂದು ವರ್ಷದ ಅಭ್ಯಾಸ. ಹೋದ ತಿಂಗಳಿಂದ ಕ್ಯಾನು ನಿಂತು ಹರಳಿನ ಚೀಲ ಬರತೊಡಗಿತು. ಹರಳಿನ ಮೇಲೆ ಬಿಸಿನೀರು ಬಿಟ್ಟರೆ ಅದು ಕುದಿದು ಸಿಡಿಯುತ್ತದೆ. ಮೊದಲು ತಣ್ಣೀರು, ಆಮೇಲೆ ಹರಳು. ಈ ಒಂದು ಮಾತನ್ನು ಮೇಸ್ತ್ರಿ ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಗೋಡೆಗೆ ಹಾಳೆ ಅಂಟಿಸಿ ಹೋದ.

"ಆ ಹಾಳೆ ನಿಮಗೆ ಕಾಣಲೇ ಇಲ್ವಾ ಅತ್ತಿಗೆ?" ಪತ್ರ ಬಂದ ದಿನ ಸಂಜೆ ಕೇಳಿದೆ.

ಅವಳ ಜೊತೆ ಕೆಲಸದವಳು ನೋಡಲು ಬಂದಿದ್ದಳು. ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆಂದು ಶೆಡ್ಡಿನಲ್ಲಿ ಅವಳಿಗೆ ಗಂಟೆಯಕ್ಕ ಎಂದೇ ಹೆಸರು. ಉತ್ತರ ಅವಳೇ ಕೊಟ್ಟಳು.

"ಕಾಣದೆ ಏನಮ್ಮ! ಇಷ್ಟಗಲ ಬಿಳಿ ಹಾಳೆ, ನಡುವೆ ಬಂಗಾರದ ಬಣ್ಣದಲ್ಲಿ ನಾಲ್ಕು ಗೀರು. ಸೊಬಗು ಸಾಹೇಬ್ರ ಮಗಳ ಮದುವೆ ಕಾಗದ ಅಂದ್ಕೊಂಡ್ವಿ. ನಮ್ಮನ್ನ ಕರೆಯೋಕೆ ಮನಸ್ಸಿಲ್ಲ, ಗೋಡೆನ ಕರೆದಿದ್ದಾರೆ ಅಂತ ನಕ್ಕಿದ್ದೇ ನಕ್ಕಿದ್ದು."

"ಇವಳೇ ಅಂದಿದ್ದು," ಅತ್ತಿಗೆ ಅವಳ ತೊಡೆಗೆ ಹೊಡೆದಳು. "ಹೊಸ ಸೀರೆ ತಗೋಬೇಕಾ ಅಂತ ಬೇರೆ ಕೇಳಿದಳು."

"ಹತ್ತಿರ ಹೋಗಿ ಓದಬಹುದಿತ್ತಲ್ಲ?"

"ಹೋದೆ ಕಣೇ. ಹಾಳೆ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಹಬೆ. ಒರೆಸಿದ್ರೆ ಟ್ಯೂಬ್‌ಲೈಟು ಕಣ್ಣಿಗೆ ಹೊಡೀತು. ದಪ್ಪ ಗೀಟು ಕಾಣುತ್ತೆ, ಅದಕ್ಕೂ ಇದಕ್ಕೂ ಮಧ್ಯ ಏನಿದೆಯೋ ಕಾಣಲ್ಲ." ಪಟ್ಟಿಯ ಅಂಚು ಸರಿಮಾಡಿಕೊಂಡು ಹೇಳಿದಳು: "ನಿನ್ನ ಅಕ್ಷರ ಅಂತ ಗುರುತು ಸಿಕ್ತು ಗೀಟಮ್ಮ. ಏನು ಬರೆದಿದೆ ಅಂತ ಸಿಗಲಿಲ್ಲ."

ಗಂಟೆಯಕ್ಕ ಹೋದ ಮೇಲೆ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿಕೊಳ್ಳಲು ಕಾರಣ ಇತ್ತು. ಬಿಳಿ ಹಾಳೆ, ನಡುವೆ ನಾಲ್ಕು ಸಾಲು ಎಂದು ಗಂಟೆಯಕ್ಕ ಹೇಳಿದಾಗಲೇ ಅಂಥದ್ದೊಂದು ಹಾಳೆ ನನ್ನ ಬಳಿ ಬಂದಿದ್ದ ನೆನಪಾಗಿತ್ತು.

ಹಳೆಯ ಮೇಲ್‌ಗಳನ್ನು ತೆಗೆದೆ. ಸಿಕ್ಕಿತು. ತಿಂಗಳ ಹಿಂದೆ ಸೊಬಗು ಸಾಹೇಬರ ಆಫೀಸಿನಿಂದ ಬಂದದ್ದು: "ಎರಡನೇ ಸಾಲಿನಲ್ಲಿ ಎರಡು ಅಕ್ಷರಗಳ ನಡುವೆ ಸಂದು ಜಾಸ್ತಿ ಕಾಣುತ್ತಿದೆ, ದಯವಿಟ್ಟು ನೋಡಿ." ಜೊತೆಗೆ ಆ ಹಾಳೆ. ಅದರ ಕೆಳಗೆ ನನ್ನ ಉತ್ತರ: "ಸರಿಪಡಿಸಿದ್ದೇನೆ. ಈಗ ಚೆನ್ನಾಗಿದೆ."

ಮೊದಲು ತೊಟ್ಟಿಗೆ ತಣ್ಣೀರು ತುಂಬಿ. ನಂತರ ಹರಳನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ. ಹರಳಿನ ಮೇಲೆ ನೀರು ಸುರಿಯಬೇಡಿ. ಕನ್ನಡಕ, ಕೈಗವಸು ಕಡ್ಡಾಯ. ನಾಲ್ಕೇ ಸಾಲು. ಇವು ನನ್ನ ಕಣ್ಣ ಮುಂದೆ ಇಡೀ ಒಂದು ಬೆಳಿಗ್ಗೆ ಇದ್ದವು. ಎರಡನೆಯ ಸಾಲಿನ ಆ ಸಂದನ್ನು ಎಂಟು ಪಟ್ಟು ದೊಡ್ಡದು ಮಾಡಿ, ಒಂದು ಕೂದಲಷ್ಟು ಒಳಗೆ ತಳ್ಳಿ, ಒಂದು ಕೂದಲಷ್ಟು ಹೊರಗೆ ಎಳೆದು, ತೃಪ್ತಿಯಾಗಿ, ಕಾಫಿ ಕುಡಿದು ಕಳಿಸಿದ್ದೆ. ಏನು ಬರೆದಿದೆ ಎಂದು ಓದಿರಲಿಲ್ಲ. ನಮ್ಮ ಕಸುಬಿನವರು ಹಾಗೆಯೇ. ಅಕ್ಷರ ನೋಡುತ್ತೇವೆ, ಓದುವುದಿಲ್ಲ. ಓದಿದರೆ ಗೀಟಿನ ಮೇಲಿನ ಗಮನ ತಪ್ಪುತ್ತದೆಂದು ಕಲಿಯುವಾಗಲೇ ಹೇಳಿಕೊಟ್ಟಿರುತ್ತಾರೆ. ಅದು ನಮಗೆ ದೊಡ್ಡಸ್ತಿಕೆಯ ವಿಷಯ ಬೇರೆ.

ಬಚ್ಚಲಿಗೆ ಹೋಗಿ ಕೈ ತೊಳೆದೆ. ಮತ್ತೆ ತೊಳೆದೆ. ಅಣ್ಣ ಬಸ್ಸು ಡಿಪೋಗೆ ಬಿಟ್ಟು ಆಗಷ್ಟೇ ಬಂದಿದ್ದ. "ಏನೇ, ನೀರೆಲ್ಲ ಖಾಲಿ ಮಾಡ್ತೀಯಾ?" ಎಂದು ಬಾಗಿಲ ಹೊರಗಿಂದ ಕೂಗಿದ. ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಮರುದಿನ ಸೊಬಗು ಸಾಹೇಬರನ್ನು ಕಾಣಲು ಹೋದೆ. ಆರನೆಯ ಮಹಡಿಯ ಕೋಣೆ. ತಣ್ಣಗೆ, ಮೆತ್ತಗೆ, ಹಿಂದಿನ ದಿನದ ಹೂದಾನಿಯ ನೀರಿನ ಹಾಗೆ ಸಿಹಿ ಕೊಳೆತ ವಾಸನೆ. ಅವರು ಮಾತಾಡುವಾಗ ನಾಲಿಗೆಯ ತುದಿಯಿಂದ ತುಟಿ ಸವರಿಕೊಳ್ಳುತ್ತಾರೆ. ಮುಂಚೆ ನನಗೆ ಇದು ಕಂಡಿರಲಿಲ್ಲವೆ?

"ನಿಮ್ಮ ಅತ್ತಿಗೆ ಅಂತ ನಂಗೆ ಗೊತ್ತೇ ಇರಲಿಲ್ಲ ಮೇಡಂ. ಛೇ ಛೇ. ಆದ್ರೆ ಏನು ಮಾಡೋದು, ಪಾಪ, ಓದುಬರಹ ಇಲ್ಲದವರು."

"ನಮ್ಮತ್ತಿಗೆ ದಿನಾ ಪೇಪರನ್ನ ಕೊನೇ ಪುಟದ ತನಕ ಓದ್ತಾರೆ ಸರ್. ಆ ಹಾಳೇನ ಯಾರೂ ಓದೋಕೆ ಆಗಲ್ಲ. ಶೆಡ್ಡಿಗೆ ಹೋಗಿ ಒಂದ್ಸಲ ನೋಡಿ."

"ಶೆಡ್ಡಿಗ್ಯಾಕೆ? ಇಲ್ಲೇ ನೋಡೋಣ." ಗುಂಡಿ ಒತ್ತಿದರು. ಪರದೆಯ ಮೇಲೆ ಹಾಳೆ ಬಾಗಿಲಿನಷ್ಟು ಎತ್ತರಕ್ಕೆ ಎದ್ದಿತು. ಬೆನ್ನನ್ನು ಅದಕ್ಕೆ ಮಾಡಿ, ನನ್ನ ಮುಖ ನೋಡುತ್ತಲೇ ಸೊಬಗು ಸಾಹೇಬರು ಒಪ್ಪಿಸಿದರು: "ಮೊದಲು ತೊಟ್ಟಿಗೆ ತಣ್ಣೀರು ತುಂಬಿ. ನಂತರ ಹರಳನ್ನು... ಎಷ್ಟು ಸ್ಪಷ್ಟ! ವಿಚಾರಣೆಲೂ ಇದನ್ನೇ ಓದಿ ತೋರಿಸ್ತೀವಿ. ಮಗೂನೂ ಓದುತ್ತೆ."

ಆಮೇಲೆ ಮೇಜಿನ ಖಾನೆಯಿಂದ ಒಂದು ಕಾರ್ಡು ತೆಗೆದು ನನ್ನ ಕಡೆ ಸರಿಸಿದರು. "ನಿಮ್ಮ ಅತ್ತಿಗೆಗೆ. ಕಂಪನಿ ಕಡೆಯಿಂದ. ಒಳಗಿನ ಸಾಲು ನಾನೇ ಆರಿಸಿದ್ದು."

ತೆರೆದೆ. ಸೆಂಟು ಮೂಗಿಗೆ ಹೊಡೆಯಿತು. ನನ್ನ ಅಕ್ಷರದಲ್ಲಿ, ಬಂಗಾರದ ಬಣ್ಣದಲ್ಲಿ: "ನಿಮ್ಮ ಕಣ್ಣಲ್ಲಿ ಮತ್ತೆ ಬೆಳಕು ಮೂಡಲಿ." ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಲಿಫ್ಟಿಗೂ ಕಾಯದೆ ಆರು ಮಹಡಿ ಇಳಿದೆ.

ಮೆಟ್ಟಿಲಿಳಿಯುವಾಗಲೇ ಹೊಳೆದದ್ದು. ಆ ಮನುಷ್ಯ ಓದಲಿಲ್ಲ. ಒಪ್ಪಿಸಿದ. ಅಚ್ಚಿನ ಮನೆಯಲ್ಲಿ ತಪ್ಪು ತಿದ್ದುವ ಹಳಬರು ಸಾಲನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ಓದುತ್ತಾರೆ. ಗೊತ್ತಿರುವ ಮಾತಾದರೆ ಕಣ್ಣು ಎರಡು ಗುರುತು ಹಿಡಿದು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ, ಅದಕ್ಕೆ. ಕಂಪನಿಯವರಿಗೆಲ್ಲ ಈ ನಾಲ್ಕು ಸಾಲು ಬಾಯಿಪಾಠ. ಅವರು ಶೆಡ್ಡಿನಲ್ಲಿ ನಿಂತು ಓದಿ ತೋರಿಸುತ್ತಾರೆ. ಅಧಿಕಾರಿ ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ಕಣ್ಣು ಹೋದದ್ದೂ ಅತ್ತಿಗೆಯದೇ, ತಪ್ಪೂ ಅತ್ತಿಗೆಯದೇ ಆಗುತ್ತದೆ.

ಬುಧವಾರ ಮಧ್ಯಾಹ್ನ ಮೇಜಿನ ಮುಂದೆ ಕೂತೆ. ಅದೇ ಹಾಳೆ, ಅದೇ ಅಕ್ಷರ, ಅದೇ ಗಾತ್ರ, ಅದೇ ಬಂಗಾರದ ಬಣ್ಣ. ಮಾತು ಮಾತ್ರ ಬೇರೆ. ನಾಲ್ಕು ಸಾಲುಗಳೂ ಮೊದಲಿನವಷ್ಟೇ ಉದ್ದ ಬರುವ ಹಾಗೆ ಪದಗಳನ್ನು ತೂಗಿ ತೂಗಿ ಕೂರಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ನಾನು ಎಳೆದ ಅಕ್ಷರದಲ್ಲಿ ನಾನೇ ಹೇಳಬೇಕಾದ ಮಾತೊಂದನ್ನು ಬರೆಯುತ್ತಿದ್ದೆ. ಮುಗಿಸಿ ಅಚ್ಚು ತೆಗೆದು, ಮೇಲೆ ಪ್ಲಾಸ್ಟಿಕ್ಕು ಹೊದಿಸಿದೆ.

ಹಾಳೆ ಬದಲಿಸುವ ಕೆಲಸ ಗಂಟೆಯಕ್ಕನದು. "ಏನಿದೆ ಇದರಲ್ಲಿ?" ಎಂದು ಕೇಳಿದಳು.

"ನಾಳೆ ಗೊತ್ತಾಗುತ್ತೆ."

"ಬೈಗುಳ ಇದ್ರೆ ನಾಲ್ಕು ಜಾಸ್ತಿ ಹಾಕು ತಾಯಿ, ನನ್ನ ಕಡೆಯಿಂದ," ಎಂದು ಹಾಳೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು.

ಗುರುವಾರ ಹತ್ತು ಗಂಟೆಗೆ ಅಧಿಕಾರಿ ಬಂದರು. ನಿವೃತ್ತಿಗೆ ಹತ್ತಿರವಿದ್ದ ಹೆಂಗಸು; ನೆಗಡಿ, ಕೈಯಲ್ಲಿ ಒದ್ದೆ ಕರವಸ್ತ್ರ. ಮೊದಲು ಮೀಟಿಂಗ್ ಕೋಣೆಯಲ್ಲಿ ಪರದೆ ತೋರಿಸಲು ಸೊಬಗು ಸಾಹೇಬರು ಹೊರಟರು. "ಸಿನಿಮಾ ಬೇಡ, ಗೋಡೆ ತೋರಿಸಿ," ಎಂದರು ಆಕೆ. ನನಗೆ ಕೊಂಚ ಧೈರ್ಯ ಬಂತು.

ಶೆಡ್ಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹನ್ನೊಂದು ವರ್ಷ ಅತ್ತಿಗೆ ಉಸಿರಾಡಿದ ಗಾಳಿ ಮೂಗನ್ನು ಸುಟ್ಟಿತು. ನೆಲದ ಮೇಲೆ ಸೋಪಿನ ಹಾಗೆ ಜಾರುವ ಲೋಳೆ. ಸಾವಿರಾರು ಬಾಟಲಿಗಳ ತಳದಲ್ಲಿ ಉಳಿದ ಸೆಂಟು ಚರಂಡಿಯಲ್ಲಿ ಬೆರೆತು, ಸತ್ತ ಇಲಿಯ ಮೇಲೆ ಹೂ ಚೆಲ್ಲಿದಂತೆ ನಾರುತ್ತಿತ್ತು. ಆ ಗೋಡೆಯ ಮೇಲೆ, ಹಬೆಯ ಹಿಂದೆ, ನನ್ನ ಹಾಳೆ. ಸುತ್ತ ಬಿಳಿ ಬಯಲು, ನಡುವೆ ನಾಲ್ಕು ಗೀರು. ಗಂಟೆಯಕ್ಕ ತೊಟ್ಟಿಯ ಆಚೆ ನಿಂತು ಆಕಾಶ ನೋಡುವವಳಂತೆ ಸೂರು ನೋಡುತ್ತಿದ್ದಳು.

ಅತ್ತಿಗೆಯನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು.

"ಇದೇನಾ ಆ ಸೂಚನೆ?" ಅಧಿಕಾರಿ ಕೇಳಿದರು.

"ಇದೇ ಮೇಡಂ," ಎಂದ ಮೇಸ್ತ್ರಿ. "ನಾನೇ ಅಂಟಿಸಿದ್ದು. ಅವತ್ತಿಂದ ಇವತ್ತಿನವರೆಗೂ ಇಲ್ಲೇ ಇದೆ. ಓದಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ?"

"ನಿಮಗೆ ಓದೋಕೆ ಆಗುತ್ತಾ?"

"ಆಗದೆ ಏನು!" ಮೇಸ್ತ್ರಿ ಹಾಳೆಯ ಮುಂದೆ ಎದೆಯುಬ್ಬಿಸಿ ನಿಂತ. "ಮೊದಲು ತೊಟ್ಟಿಗೆ ತಣ್ಣೀರು ತುಂಬಿ. ನಂತರ ಹರಳನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ." ಬೆರಳು ಸಾಲಿನಿಂದ ಸಾಲಿಗೆ ಸರಿಯಾಗಿಯೇ ಇಳಿಯುತ್ತಿತ್ತು. ಒಂದು ಪದವೂ ತಪ್ಪಲಿಲ್ಲ.

ಅಧಿಕಾರಿ ಬರೆದುಕೊಂಡರು. ಅವರು ಅಷ್ಟಕ್ಕೇ ಫೈಲು ಮುಚ್ಚಿದ್ದರೆ?

ಸೊಬಗು ಸಾಹೇಬರಿಗೆ ತಡೆಯಲಾಗಲಿಲ್ಲ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಮುಂದೆ ಬಂದರು. "ಮೇಡಂ, ಮೂರಡಿ ದೂರದಿಂದ ಓದ್ತೀನಿ, ನೋಡಿ. ಹರಳಿನ ಮೇಲೆ ನೀರು ಸುರಿಯಬೇಡಿ. ಕನ್ನಡಕ, ಕೈಗವಸು ಕಡ್ಡಾಯ. ಪ್ರತಿಯೊಂದು ಅಕ್ಷರವೂ ಮುತ್ತು. ಈ ಸೊಬಗು ಬೇರೆ ಯಾವ ಕಾರ್ಖಾನೆಲಿದೆ ಹೇಳಿ!"

ಅತ್ತಿಗೆ ಅವರನ್ನೇ ಒಂದು ಕಣ್ಣಿಂದ ನೋಡುತ್ತಿದ್ದಳು. ಅವರಿಗೆ ಕಂಡದ್ದು ತನಗೇಕೆ ಕಾಣಲಿಲ್ಲ ಎಂಬ ಅನುಮಾನ ಆ ಮುಖದಲ್ಲಿ ಮೂಡಿತ್ತು. ಅದನ್ನು ನೋಡಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಮೇಡಂ, ಈ ಅಕ್ಷರ ಮಾಡಿದವಳು ನಾನು," ಎಂದು ಮುಂದೆ ಹೋದೆ. ಗೋಡೆಯಿಂದ ಹಾಳೆ ಕಿತ್ತು ಅವರ ಕೈಗೆ ಕೊಟ್ಟೆ. ಚೀಲದಿಂದ ಭೂತಗನ್ನಡಿ ತೆಗೆದು ಅದನ್ನೂ ಕೊಟ್ಟೆ. "ದಯವಿಟ್ಟು ನೀವು ಓದಿ. ಗಟ್ಟಿಯಾಗಿ."

ಅವರು ಬಾಗಿಲ ಬೆಳಕಿಗೆ ಹೋಗಿ, ಪ್ಲಾಸ್ಟಿಕ್ಕಿನ ಹಬೆ ಒರೆಸಿ, ಗಾಜನ್ನು ಹಾಳೆಗೆ ಒತ್ತಿದರು. ಅಕ್ಷರ ಕಲಿಯುವ ಮಗುವಿನ ಹಾಗೆ, ತಡೆದು ತಡೆದು, ಓದಿದರು.

"ಈ ಹಾಳೆ... ಅಂಟಿಸುವ ಮೊದಲು... ನನ್ನ ಬಳಿ ಬಂದಿತ್ತು. ಎರಡು ಅಕ್ಷರಗಳ ನಡುವಿನ... ಸಂದನ್ನು ನಾನು ಸರಿಪಡಿಸಿದೆ. ಏನು ಬರೆದಿದೆ ಎಂದು ಓದಲಿಲ್ಲ. ನನ್ನ ಅತ್ತಿಗೆ... ಇಲ್ಲೇ ಕೆಲಸ ಮಾಡುತ್ತಾಳೆ."

ಅಧಿಕಾರಿ ಭೂತಗನ್ನಡಿ ಇಳಿಸಿದರು.

"ಇದು ಮೋಸ!" ಸೊಬಗು ಸಾಹೇಬರ ಕರವಸ್ತ್ರ ಕೆಳಗೆ ಬಿತ್ತು. "ಹಾಳೆ ಬದಲಾಯಿಸಿದ್ದಾರೆ! ಇವಳ ಮೇಲೆ ಕೇಸ್ ಹಾಕಿ!"

ಅಧಿಕಾರಿ ನಿಧಾನವಾಗಿ ಮೂಗು ಒರೆಸಿಕೊಂಡರು. "ಬದಲಾಯಿಸಿರೋದು ಸರಿಯಲ್ಲ, ಅದನ್ನೂ ಬರೀತೀನಿ. ಆದ್ರೆ ಸಾಹೇಬ್ರೇ, ನೀವೀಗ ಮೂರಡಿಯಿಂದ ಓದಿದ್ರಲ್ಲ, ಅದು ಏನು?"

ಸಾಹೇಬರು ನಾಲಿಗೆಯಿಂದ ತುಟಿ ಸವರಿಕೊಂಡರು. ಮೇಸ್ತ್ರಿ ತನ್ನ ಬೆರಳನ್ನು ತಾನೇ ನೋಡುತ್ತಿದ್ದ.

"ಕಣ್ಣೆರಡೂ ನೆಟ್ಟಗಿರೋರು ಇವರು!" ಗಂಟೆಯಕ್ಕನ ದನಿ ಇಡೀ ಶೆಡ್ಡಿನಲ್ಲಿ ಮೊಳಗಿತು.

ಕಂಪನಿಯ ಮೂಲ ಹಾಳೆಯನ್ನೂ, ನನ್ನ ಮೇಲ್‌ನ ಪ್ರತಿಯನ್ನೂ ಚೀಲದಿಂದ ತೆಗೆದು ಕೊಟ್ಟೆ. ಅಧಿಕಾರಿ ಅಲ್ಲಿಯೇ, ಮಗುಚಿದ ಕ್ರೇಟಿನ ಮೇಲೆ ಕೂತು ಬರೆದರು: ಸೂಚನೆ ಓದಲು ಸಾಧ್ಯವಿಲ್ಲದ್ದು, ಕೆಲಸಗಾರ್ತಿಯ ತಪ್ಪಿಲ್ಲ, ಚಿಕಿತ್ಸೆ ಮುಂದುವರಿಯಬೇಕು. ನನ್ನ ವಿಷಯವಾಗಿಯೂ ಎರಡು ಸಾಲು ಬರೆದರು. ಏನು ಬರೆದರೆಂದು ಕೇಳಲಿಲ್ಲ. ನನ್ನ ಕಣ್ಣೆಲ್ಲ ಅತ್ತಿಗೆಯ ಮೇಲಿತ್ತು. ಅವಳು ನೆಲ ನೋಡುತ್ತಿದ್ದಳು.

ಗೇಟಿನವರೆಗೆ ಬರುವಷ್ಟರಲ್ಲಿ ಗಂಟೆಯಕ್ಕ ಮತ್ತು ಜೊತೆಯವರು ಒಂದು ಡಬ್ಬಿ ಕೆಂಪು ಪೇಂಟು ಎಲ್ಲಿಂದಲೋ ತಂದಿದ್ದರು. ಹಾಳೆ ಇದ್ದ ಜಾಗದಲ್ಲಿ ಪೊರಕೆಯಷ್ಟು ದಪ್ಪದ ಬ್ರಷ್ಷಿನಿಂದ ಗೋಡೆಗೇ ಬರೆಯುತ್ತಿದ್ದರು: ಮೊದಲು ನೀರು. ಆಮೇಲೆ ಹರಳು. ಅಕ್ಷರ ಸೊಟ್ಟ, ಬಣ್ಣ ಸೋರುತ್ತಿತ್ತು, ಎರಡನೆಯ ಸಾಲು ಜಾಗ ಸಾಲದೆ ಕಿಟಕಿಯ ಚೌಕಟ್ಟಿನ ಮೇಲೆ ಹತ್ತಿತ್ತು. ತೆರೆದ ಬಾಗಿಲೊಳಗಿಂದ ಗೇಟಿನವರೆಗೂ ಓದಬಹುದಿತ್ತು.

ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ನನ್ನ ಫೋನು ಗುಣುಗುಟ್ಟಿತು. ಸೊಬಗು ಸಾಹೇಬರ ಆಫೀಸಿನ ಮೇಲ್. ನಡೆದದ್ದಕ್ಕೆ ಅತೀವ ವಿಷಾದವಿದೆ. ಈ ವಿಷಯ ಹೊರಗೆ ಹೋಗದಿರುವುದು ಎರಡೂ ಕಡೆಗೆ ಒಳ್ಳೆಯದು. ಶೆಡ್ಡುಗಳಿಗೆ ಒಂದು ಗಟ್ಟಿ ರೂಪ ಬೇಕಾಗಿದೆ, ಕೂಡಲೇ ಮಾಡಿಕೊಡುವಿರಾ, ಆದರೆ ಸೊಬಗು ಕೆಡದ ಹಾಗೆ. ಗಟ್ಟಿ ರೂಪ! ಮೂರು ವರ್ಷದ ಹಿಂದೆ ಮೇಜಿನ ಸುತ್ತ ಕೂತು ನಕ್ಕಿದ್ದೆವಲ್ಲ, ಅದೇ. ನನ್ನ ಕೈ ಎಷ್ಟು ಹಲ್ಕಾ ಎಂದರೆ, ಮೇಲ್ ಓದುತ್ತಿದ್ದಂತೆ ಹೆಬ್ಬೆರಳು ತಾನಾಗಿ ಗಾಳಿಯಲ್ಲಿ ಆ ತಿರುವನ್ನು ಎಳೆಯತೊಡಗಿತ್ತು. ಮೇಲ್ ಅಳಿಸಿದೆ. ಅಳಿಸಿದ ಮೇಲೂ ಬೆರಳು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ನಾಲ್ಕು ನಿಲ್ದಾಣ ದಾಟಿದವು. ಅತ್ತಿಗೆಯ ಪಟ್ಟಿ ಕಟ್ಟಿದ ಕಣ್ಣಿನ ಕಡೆ ನಾನು ಕೂತಿದ್ದೆ. ಅವಳ ಮುಖದಲ್ಲಿ ಏನಿದೆಯೆಂದು ನನಗೆ ಕಾಣುತ್ತಿರಲಿಲ್ಲ, ನಾನು ಅವಳಿಗೆ ಕಾಣುತ್ತಿರಲಿಲ್ಲ.

"ಗೀಟಮ್ಮ."

"ಹೂಂ ಅತ್ತಿಗೆ."

"ಆ ಸಂದು ಸರಿ ಹೋಯ್ತಾ?"

ಕೋಪವಿರಲಿಲ್ಲ ದನಿಯಲ್ಲಿ. ಹಿತ್ತಿಲ ಮೆಟ್ಟಿಲ ಮೇಲೆ ನನ್ನ ತಲೆ ಹಿಡಿದುಕೊಂಡು, "ಶಾಲೆಲಿ ಯಾರ ಪಕ್ಕ ಕೂತಿದ್ದೆ?" ಎಂದು ಕೇಳುತ್ತಿದ್ದ ದನಿಯೇ. ಸುಳ್ಳು ಹೇಳಿದರೆ ಕೂದಲು ಜಗ್ಗುತ್ತಿದ್ದಳು.

"ಹೋಯ್ತು," ಎಂದೆ.

"ಚೆನ್ನಾಗಿ ಕಂಡಿತಾ?"

"ಚೆನ್ನಾಗಿ ಕಂಡಿತು."

ಅತ್ತಿಗೆ ತಲೆಯಾಡಿಸಿದಳು. ನಮ್ಮ ನಿಲ್ದಾಣ ಬಂತು. ಅವಳೇ ಮೊದಲು ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಕೆಳಗಿನ ಮೆಟ್ಟಿಲು ಎಷ್ಟು ಆಳಕ್ಕಿದೆಯೆಂದು ತಿಳಿಯದೆ ಒಂದು ಪಾದ ಗಾಳಿಯಲ್ಲಿ ತಡಕಾಡಿತು. ನಾನು ಕೈ ಚಾಚಿದೆ. ಅವಳು ಅದನ್ನು ನೋಡಿದಳು, ಹಿಡಿಯಲಿಲ್ಲ. ಕಂಬಿ ಹಿಡಿದು, ಪಾದವನ್ನು ಇಂಚಿಂಚಾಗಿ ಇಳಿಸಿ, ಬೆರಳಿಗೆ ಕಬ್ಬಿಣ ತಾಗುವವರೆಗೆ ಕಾದಳು. ಹಿಂದಿನವರು ಗೊಣಗಿದರು. ಚಾಲಕ ಹಾರನ್ ಹೊಡೆದ.

"ಇರಯ್ಯ, ಇಳೀತಿದ್ದೀನಿ," ಎಂದಳು ಅತ್ತಿಗೆ.